ಎಣ್ಣೆ ಹಚ್ಚದ ಕಂಬ

ಮೈಸೂರಿನ ವಿಜಯನಗರದಲ್ಲಿ ನಾವು ಮನೆ ಕಟ್ಟಿಸುವಾಗ ನಮ್ಮ ಯಜಮಾನರು ಮಹಡಿಯ ಮೇಲೊಂದು ಕೋಣೆ ಎಬ್ಬಿಸಿ ಅದಕ್ಕೆ ಓದುವ ಕೋಣೆ ಎಂದು ಹೆಸರಿಟ್ಟರು. ಅಲ್ಲಿ ಯಾರೂ ಓದಲಿಲ್ಲ. ಹಪ್ಪಳದ ಡಬ್ಬ, ಮುರಿದ ಸೈಕಲ್ಲು, ಮದುವೆಗಳಲ್ಲಿ ಬಂದು ಯಾರಿಗೂ ಬೇಡವಾದ ಗೋಡೆ ಗಡಿಯಾರಗಳು, ಇವೆಲ್ಲ ಇಪ್ಪತ್ತು ವರ್ಷ ಅಲ್ಲಿ ವಾಸ ಮಾಡಿದವು. ಈಗ ಎರಡು ವರ್ಷದ ಹಿಂದೆ ಅವುಗಳನ್ನೆಲ್ಲ ಹೊರಹಾಕಿ, ಕೋಣೆಯ ನಟ್ಟನಡುವೆ, ನೆಲದಿಂದ ತಾರಸಿಯವರೆಗೆ, ನನ್ನ ಅಣ್ಣನ ಮಗಳು ಒಂದು ಉಕ್ಕಿನ ಕಂಬ ನಿಲ್ಲಿಸಿದಳು.

ಹುಡುಗಿ ಹುಬ್ಬಳ್ಳಿಯವಳು. ಬೆಂಗಳೂರಿನಲ್ಲಿ ನಾಲ್ಕು ವರ್ಷ ದುಡಿದು, ಮೈಸೂರಿನ ಕಂಪನಿಯೊಂದಕ್ಕೆ ಬಂದು ನಮ್ಮ ಮನೆಯಲ್ಲೇ ಉಳಿದುಕೊಂಡಳು. ಬೆಂಗಳೂರಿನಲ್ಲಿದ್ದಾಗ ವಾರಕ್ಕೆರಡು ಸಂಜೆ ಪೋಲ್ ಡಾನ್ಸ್ ಕಲಿಯುತ್ತಿದ್ದಳಂತೆ. ಮೈಸೂರಿಗೆ ಬಂದ ಮೇಲೆ ಅದು ತಪ್ಪಿಹೋಗಬಾರದೆಂದು ಕಂಬವನ್ನೇ ತರಿಸಿಕೊಂಡಳು. ಬೀದಿಯ ಎರಡು ಮನೆಯವರು ಬೋರ್‌ವೆಲ್ಲಿನ ಪೈಪೆಂದು ತಿಳಿದರು. ನಾನು ಹಾಗೆಂದು ಹೇಳಲಿಲ್ಲ; ಅಲ್ಲವೆಂದೂ ಹೇಳಲಿಲ್ಲ.

ಸುದ್ದಿ ಹುಬ್ಬಳ್ಳಿಗೆ ಹೇಗೋ ಮುಟ್ಟಿತು. ಅಣ್ಣ ರಾತ್ರಿ ಹತ್ತು ಗಂಟೆಗೆ ಫೋನು ಮಾಡಿದ. "ತಂಗಿ, ಅದೇನೋ ಕಂಬ ಹುಗಿಸ್ಯಾಳಂತಲ್ಲ ಆಕಿ? ಸಿನಿಮಾದಾಗ ತೋರಸ್ತಾರಲ್ಲ, ಅದ?" ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಅಳುಕಿತ್ತು. ನನಗೆ ಏನು ತೋಚಿತೋ, "ಹಂಗಲ್ಲ ಅಣ್ಣಾ, ಅದು ನಮ್ಮ ಮಲ್ಲಕಂಬನ. ಕಟ್ಟಿಗಿ ಬದಲು ಉಕ್ಕು, ಅಷ್ಟ" ಎಂದುಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಮಲ್ಲಕಂಬ ಅಂದ್ರ ಬ್ಯಾರೆ ಮಾತು" ಎಂದು ಫೋನಿಟ್ಟ.

ಈ ಬರಹ ಹುಟ್ಟಿದ್ದು ನಾನಾಡಿದ ಆ ಒಂದು ಮಾತಿನಿಂದ. ಅದು ಸುಳ್ಳೋ, ನಿಜವೋ, ಅನುಕೂಲಕ್ಕೆ ಹುಟ್ಟಿದ ಅರ್ಧ ನಿಜವೋ ಎಂದು ಎರಡು ವರ್ಷದಿಂದ ಯೋಚಿಸುತ್ತಿದ್ದೇನೆ.

ಅಣ್ಣನಿಗೆ ಮಲ್ಲಕಂಬವೆಂದರೆ ಬೇರೆ ಮಾತು ಏಕೆಂಬುದನ್ನು ಹೇಳಬೇಕು. ನಾವು ಹುಟ್ಟಿ ಬೆಳೆದದ್ದು ಹಳೆಯ ಧಾರವಾಡ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ. ಹನುಮಂತದೇವರ ಗುಡಿಯ ಮಗ್ಗುಲಲ್ಲಿ ಗರಡಿಮನೆ. ಒಳಗೆ ಕೆಮ್ಮಣ್ಣಿನ ಅಖಾಡ, ಮೂಲೆಯಲ್ಲಿ ಕಲ್ಲುಗುಂಡು, ಹೊರಗಿನ ಅಂಗಳದಲ್ಲಿ ಸಾಗುವಾನಿಯ ಮಲ್ಲಕಂಬ. ಬುಡದಲ್ಲಿ ತೊಡೆಗಿಂತ ದಪ್ಪ, ಮೇಲೇರುತ್ತ ಸಣ್ಣಗಾಗಿ, ಕತ್ತಿನ ಹತ್ತಿರ ಕೈಹಿಡಿತಕ್ಕೆ ಸಿಗುವಷ್ಟು ಇಳಿದು, ತುದಿಯಲ್ಲೊಂದು ಗುಂಡು. ಶನಿವಾರ ವಸ್ತಾದರು ಅದಕ್ಕೆ ಔಡಲೆಣ್ಣೆ ತಿಕ್ಕುತ್ತಿದ್ದರು. ಮೈಸೂರಿನವರು ಅದನ್ನು ಹರಳೆಣ್ಣೆ ಎನ್ನುತ್ತಾರೆ. ನನಗೆ ಇಂದಿಗೂ ಆ ವಾಸನೆ ಬಂದರೆ ಹರಳು ನೆನಪಾಗುವುದಿಲ್ಲ, ಔಡಲ ನೆನಪಾಗುತ್ತದೆ. ಅಣ್ಣ ಲಂಗೋಟಿ ಬಿಗಿದು ಓಡಿಬಂದು ಕಂಬಕ್ಕೆ ಹಾರಿ, ತಲೆಕೆಳಗಾಗಿ ತೊಡೆಯಲ್ಲಿ ಕಂಬವನ್ನು ಅಪ್ಪಿ, ಎರಡೂ ಕೈ ಬಿಟ್ಟು ನಮಸ್ಕಾರ ಮಾಡಿದನೆಂದರೆ ಊರ ಜಾತ್ರೆಯಲ್ಲಿ ಸೀಟಿ ಬೀಳುತ್ತಿದ್ದವು.

ಗರಡಿಯೊಳಗೆ ಹೆಣ್ಣು ಕಾಲಿಡುವಂತಿರಲಿಲ್ಲ. ಅಣ್ಣನಿಗೆ ಹಾಲಿನ ಚರಿಗೆ ಒಯ್ಯುವ ಕೆಲಸ ನನ್ನದು, ಹೊಸ್ತಿಲ ತನಕ. ಅಲ್ಲಿ ನಿಂತು ನೋಡಿದ್ದನ್ನೆಲ್ಲ ನಾನು ಹಿತ್ತಲಿನ ಪೇರಲ ಗಿಡದ ಮೇಲೆ ಪ್ರಯೋಗ ಮಾಡುತ್ತಿದ್ದೆ. ಒಂಬತ್ತನೆಯ ವಯಸ್ಸಿಗೆ ಅವ್ವನ ಕಣ್ಣಿಗೆ ಬಿದ್ದೆ. ಅವ್ವ ಹೊಡೆಯಲಿಲ್ಲ. ಮರುದಿನ ಆಳು ಕರೆಸಿ ಗಿಡದ ಕೆಳಗಿನ ಕೊಂಬೆಗಳನ್ನು ಕಡಿಸಿದಳು. ಹಣ್ಣು ಕೀಳಲು ಆ ವರ್ಷದಿಂದ ಏಣಿ ಬೇಕಾಯಿತು.

ಹಾಗಾಗಿ ನಾನು ಫೋನಿನಲ್ಲಿ ಮಲ್ಲಕಂಬದ ಹೆಸರೆತ್ತಿದ್ದು ಹುಡುಗಿಯ ಹಿತಕ್ಕೆ ಮಾತ್ರವಲ್ಲ ಎಂದು ಈಗ ಅನಿಸುತ್ತದೆ. ಆದರೆ ಹುಡುಗಿಗೆ ಸಂತೋಷವಾಗಲಿಲ್ಲ. "ಅತ್ತಿ, ನೀವು ಅಪ್ಪಗ ಹಂಗ ಯಾಕ ಹೇಳಿದ್ರಿ?" ಎಂದು ಮುಖ ಗಂಟು ಹಾಕಿದಳು. "ನಾ ಮಲ್ಲಕಂಬ ಕಲ್ತಿಲ್ಲ. ಕಲ್ತವರಿಗೂ ಅವಮಾನ, ನನಗೂ ಅವಮಾನ. ಇದು ಅಮೆರಿಕಾದ ಕ್ಲಬ್ಬಿನ್ಯಾಗ ಬಟ್ಟೆ ಬಿಚ್ಚಿ ಕುಣಿಯೋ ಹೆಣ್ಮಕ್ಕಳು ಕಟ್ಟಿದ ವಿದ್ಯಾ. ನನಗ ಕಲಿಸಿದಾಕಿ ಮೊದಲನೇ ದಿನಾನ ಇದನ್ನ ಹೇಳಿ ಕಲಿಸಿದ್ಲು. ಅವರ ಹೆಸರು ಅಳಿಸಿ ನಿಮ್ಮ ವಸ್ತಾದರ ಹೆಸರು ಬರದ್ರ, ಕಳವು ಆಗೂದಿಲ್ಲೇನು?"

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಪ್ರಶ್ನೆಗೆ ಉತ್ತರ ತಿಳಿಯದಿದ್ದಾಗ ಪುಸ್ತಕಕ್ಕೆ ಓಡುವುದು ನನ್ನ ಚಾಳಿ. ಓಡಿದೆ.

ಮಲ್ಲಕಂಬದ ಬಗ್ಗೆ ಯಾರು ಭಾಷಣ ಮಾಡಿದರೂ ಮೊದಲು ಬರುವುದು 'ಮಾನಸೋಲ್ಲಾಸ'. ನಮಗೆ ಹೆಮ್ಮೆಯ ವಿಷಯವೇ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಸಿದ ಸಂಸ್ಕೃತ ಗ್ರಂಥವದು. 'ಅಭಿಲಷಿತಾರ್ಥ ಚಿಂತಾಮಣಿ' ಎಂದೂ ಅದಕ್ಕೆ ಹೆಸರು. ಅಡುಗೆಯಿಂದ ಆನೆಯ ತನಕ ಅದರಲ್ಲಿಲ್ಲದ್ದಿಲ್ಲ. ಮಲ್ಲರ ವಿನೋದವನ್ನು ಹೇಳುವಲ್ಲಿ ಜಟ್ಟಿಗಳು ಮಾಡಬೇಕಾದ ಬಗೆಬಗೆಯ ಶ್ರಮಗಳ ನಡುವೆ ಕಂಬದ ಶ್ರಮವೂ ಒಂದು. ಇಲ್ಲಿ ಭಾಷಣಕಾರರು ನಿಲ್ಲಿಸಿಬಿಡುತ್ತಾರೆ. ಆದರೆ ಗಮನಿಸಿ, ಅದು ಕುಸ್ತಿಯವನ ತಯಾರಿ. ಎದುರಾಳಿ ಸಿಗದ ಹೊತ್ತಿನಲ್ಲಿ ಕಂಬವೇ ಎದುರಾಳಿ. ಈಗ ನಾವು ನೋಡುವ ಮಲ್ಲಕಂಬ, ಆ ಜಿಗಿತ, ಆ ತಿರುವು, ಆ ಹೆಸರುಗಳು, ಇವು ರೂಪುಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಎರಡನೆಯ ಬಾಜಿರಾವ್ ಪೇಶ್ವೆಯ ಆಸರೆಯಲ್ಲಿದ್ದ ಬಾಳಂಭಟ್ಟ ದಾದಾ ದೇವಧರ ಎಂಬ ಮಲ್ಲಗುರುವಿನ ಕೈಯಲ್ಲಿ. ನಮ್ಮೂರ ವಸ್ತಾದರ ಬಾಯಲ್ಲಿದ್ದ ಸಲಾಮಿ, ಬಗಲಿ, ದಸರಂಗ, ಫಿರಕಿ, ಸುಯಿದೋರಾ, ಎಲ್ಲ ಮರಾಠಿಯ ದಾರಿಯಲ್ಲಿ ಬಂದವು. ಸುಯಿದೋರಾ ಎಂದರೆ ಸೂಜಿದಾರ. ಕಂಬಕ್ಕೂ ತೋಳಿಗೂ ನಡುವಣ ಸಂದಿಯಲ್ಲಿ ಮೈಯನ್ನೇ ದಾರದಂತೆ ಪೋಣಿಸಿ ಹೊರತೆಗೆಯುವುದು. ಆ ಹೆಸರಿಟ್ಟವರಿಗೆ ಕಾವ್ಯ ಗೊತ್ತಿತ್ತು.

ಅಂದರೆ ನಮ್ಮ ಮಲ್ಲಕಂಬವೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ, ಕುಸ್ತಿಯ ಕೆಲಸ ಬಿಟ್ಟು, ತನ್ನದೇ ಚೆಲುವಿಗಾಗಿ ಬದುಕಲು ಕಲಿತ ವಿದ್ಯೆ. 1981 ರಲ್ಲಿ ಅದಕ್ಕೆ ರಾಷ್ಟ್ರೀಯ ಫೆಡರೇಶನ್ನು ಬಂತು; 2019 ರಲ್ಲಿ ಮುಂಬಯಿಯಲ್ಲಿ ಮೊದಲ ವಿಶ್ವ ಸ್ಪರ್ಧೆ ನಡೆಯಿತು. ಹೆಣ್ಣುಮಕ್ಕಳು ಹಗ್ಗದ ಮೇಲೆ ಮಾಡುತ್ತಿದ್ದವರು ಈಗ ಕಂಬಕ್ಕೂ ಹತ್ತುತ್ತಾರೆ. ಉಕ್ಕಿನ ಕಂಬದ ಕಥೆಯೂ ಬೇರೆ ದಾರಿಯಲ್ಲಿ ಅಲ್ಲಿಗೇ ಬರುತ್ತದೆ. ಅದು ಅಮೆರಿಕಾ, ಕೆನಡಾಗಳ ರಾತ್ರಿ ಕ್ಲಬ್ಬುಗಳಲ್ಲಿ ಬೆಳೆದು, 1990 ರ ದಶಕದಿಂದ ಈಚೆಗೆ ಸಾಮಾನ್ಯ ಹೆಂಗಸರ ವ್ಯಾಯಾಮವಾಗಿ ಹರಡಿತು. 2017 ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ಒಕ್ಕೂಟಗಳ ಸಂಸ್ಥೆಯೊಂದು ಅದರ ಒಕ್ಕೂಟಕ್ಕೆ ವೀಕ್ಷಕ ಸ್ಥಾನ ಕೊಟ್ಟಿತು. ಕ್ರೀಡೆ ಎನಿಸಿಕೊಳ್ಳುವ ಹೊತ್ತಿಗೆ ಕೆಲವು ಹವ್ಯಾಸಿಗಳು "ನಾವು ಆ ಕ್ಲಬ್ಬಿನವರಲ್ಲ" ಎಂದು ಬಹಿರಂಗವಾಗಿ ಸಾರತೊಡಗಿದರು. ಕ್ಲಬ್ಬಿನವರು ನೊಂದುಕೊಂಡರು. ನಾವು ಕಲಿಸಿದ ಪಟ್ಟು ಬೇಕು, ನಾವು ಬೇಡವೇ ಎಂದು ಕೇಳಿದರು.

ಈ ಪ್ರಶ್ನೆಯನ್ನು ನಾನು ಎಲ್ಲೋ ಕೇಳಿದ್ದೇನಲ್ಲ ಎಂದುಕೊಂಡೆ. ದೂರ ಹೋಗಬೇಕಾಗಿರಲಿಲ್ಲ. ಮೈಸೂರು ಸರ್ಕಾರ 1909 ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಆಮೇಲೆ ಕೆಲವು ದಶಕಗಳಲ್ಲಿ ಅದೇ ನೃತ್ಯ ಹೊಸ ಹೆಸರು ಹೊತ್ತು, ಮರ್ಯಾದಸ್ಥರ ಮನೆಯ ಮಕ್ಕಳ ಕಾಲಿಗೆ ಗೆಜ್ಜೆಯಾಗಿ ಮರಳಿತು. ನಮ್ಮ ವಿಜಯನಗರದ ಬೀದಿಗೊಂದರಂತೆ ಭರತನಾಟ್ಯದ ಪಾಠವಿದೆ. ಆ ತಾಯಂದಿರಲ್ಲಿ ಎಷ್ಟು ಜನಕ್ಕೆ ಜಟ್ಟಿ ತಾಯಮ್ಮನವರ ಹೆಸರು ಗೊತ್ತು? ಅರಮನೆಯ ಜಟ್ಟಿಯೊಬ್ಬರ ಮಗಳು ಅವರು. ಹೆಸರಿನಲ್ಲೇ ಗರಡಿಯನ್ನು ಇಟ್ಟುಕೊಂಡು ನೃತ್ಯಗುರುವಾದವರು. 1992 ರಲ್ಲಿ ಪದ್ಮಭೂಷಣ ಪಡೆದ ಕೆ. ವೆಂಕಟಲಕ್ಷಮ್ಮನವರಿಗೆ ಗುರು. ಕುಸ್ತಿಯವನ ಮಗಳು ಕುಣಿಯುವುದು ಮೈಸೂರಿಗೆ ಹೊಸದಲ್ಲವೆಂದು ಅಣ್ಣನಿಗೆ ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಮತ್ತೊಂದು ಒಳ್ಳೆಯ ಹೆಸರನ್ನು ಹುಡುಗಿಯ ಕಂಬಕ್ಕೆ ಹೊದಿಸಿದಂತಾಗುತ್ತಿತ್ತು.

ಹೆಸರು ಹೊದಿಸುವುದರಲ್ಲಿ ನಮ್ಮೂರು ಗಟ್ಟಿಗ ಊರು. ವಿಜಯನಗರದಿಂದ ಕೆಳಗಿಳಿದರೆ ಗೋಕುಲಂ. ಅಲ್ಲಿ ಬೆಳಗಿನ ಜಾವ ಚಾಪೆ ಬಗಲಲ್ಲಿಟ್ಟು ನಡೆಯುವ ಪರದೇಶಿಗಳನ್ನು ನೋಡಿ ನಮಗೆ ಹೆಮ್ಮೆ. ಯೋಗವೆಂದರೆ ಋಷಿಗಳದು, ಆಯಿತಲ್ಲ. ಆದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ 'ಶ್ರೀತತ್ತ್ವನಿಧಿ'ಯ ಚಿತ್ರಗಳಲ್ಲಿ 122 ಆಸನಗಳಿದ್ದು, ಅವುಗಳಲ್ಲಿ ಕೆಲವನ್ನು ಹಗ್ಗ ಹಿಡಿದು ಮಾಡುವುದುಂಟು. ನಾರ್ಮನ್ ಶೋಮನ್ ಎಂಬ ವಿದ್ವಾಂಸರು 1996 ರಲ್ಲಿ ಮೈಸೂರು ಅರಮನೆಯ ಯೋಗ ಪರಂಪರೆಯ ಮೇಲೆ ಪುಸ್ತಕ ಬರೆದು, ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕೃಷ್ಣಮಾಚಾರ್ಯರು ಕಲಿಸಿದ್ದರಲ್ಲಿ ಮಲ್ಲರ ಮತ್ತು ಕಸರತ್ತಿನವರ ಪಾಲೂ ಇದೆ ಎಂದು ವಾದಿಸಿದರು. ಅದನ್ನು ಒಪ್ಪದವರೂ ಇದ್ದಾರೆ. ನನಗೆ ಕುತೂಹಲವೆನಿಸಿದ್ದು, ಗರಡಿಯ ಮಣ್ಣು ಅಂಟಿದೆ ಎಂದರೆ ಯೋಗಕ್ಕೆ ಕಡಿಮೆಯಾಗುತ್ತದೆಂದು ಕೆಲವರಿಗೆ ಆದ ಕಸಿವಿಸಿ. ಕ್ಲಬ್ಬಿನ ಬೆವರು ಅಂಟಿದೆ ಎಂದರೆ ಪೋಲ್ ಡಾನ್ಸಿಗೆ ಕಡಿಮೆಯಾಗುತ್ತದೆಂದು ನನಗೆ ಆದ ಕಸಿವಿಸಿಯೂ ಅದೇ ಜಾತಿಯದು.

ಪುಸ್ತಕದ ಮಾತು ಇಷ್ಟು ಸಾಕು. ಕಂಬವನ್ನು ಮುಟ್ಟದೆ ವಿಮರ್ಶೆ ಮಾಡುವುದು ಕವಿತೆ ಓದದೆ ಮುನ್ನುಡಿ ಬರೆದ ಹಾಗೆ. ನನಗೆ ಐವತ್ತೆಂಟು. ಒಂದು ಭಾನುವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ, ಸೀರೆ ಕಟ್ಟಿ ಎತ್ತಿ, ಕಂಬ ಹಿಡಿದೆ. ಕೈ ಜಾರಿತು, ಸೀರೆ ಜಾರಿತು, ನಾನೂ ಜಾರಿದೆ. ಹುಡುಗಿ ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದಳೋ. ನಗಲಿಲ್ಲ. ತನ್ನದೊಂದು ಚಡ್ಡಿ ತಂದು ಕೊಟ್ಟಳು. "ಬಟ್ಟೆ ಹಿಡಿಯೂದಿಲ್ಲ ಅತ್ತಿ, ಚರ್ಮ ಹಿಡೀತದ" ಎಂದಳು.

ಈ ಒಂದು ವಾಕ್ಯ ತಿಳಿಯದೆ ಎಷ್ಟು ಮಾತಾಡಿದ್ದೇವೆ! ಉಕ್ಕಿನ ಕಂಬದ ಅಡ್ಡಳತೆ ನಲವತ್ತೈದು ಮಿಲಿಮೀಟರು. ಅದರ ನುಣುಪಿಗೆ ಬಟ್ಟೆ ತಾಗಿದರೆ ಎಣ್ಣೆ ಸವರಿದಂತೆಯೇ. ಮೊಣಕಾಲ ಹಿಂದಿನ ಗುಳಿ, ಒಳತೊಡೆ, ಕಂಕುಳು, ಹೊಟ್ಟೆಯ ಪಕ್ಕ, ಇವು ಬರಿಯ ಚರ್ಮವಾಗಿ ಉಕ್ಕಿಗೆ ಒತ್ತಿಕೊಂಡಾಗ ಮಾತ್ರ ಮೈ ನಿಲ್ಲುತ್ತದೆ. ಅಣ್ಣ ಲಂಗೋಟಿಯಲ್ಲಿ ಹತ್ತುತ್ತಿದ್ದದ್ದೂ ಇದೇ ಕಾರಣಕ್ಕೆ. ಆಗ ಯಾರೂ ಅವನನ್ನು ಅರೆಬೆತ್ತಲೆ ಎನ್ನಲಿಲ್ಲ, ಬ್ರಹ್ಮಚಾರಿ ಎಂದರು. ಚೀನಾದ ಸರ್ಕಸ್ಸಿನವರು ರಬ್ಬರು ಸುತ್ತಿದ ಕಂಬ ಬಳಸುವುದರಿಂದ ಅವರು ಮೈತುಂಬ ಬಟ್ಟೆ ತೊಡುತ್ತಾರೆ. ಹುಡುಗಿಯೊಂದಿಗೆ ಒಪ್ಪದ ಒಂದು ಸಂಗತಿ, ಎತ್ತರದ ಹಿಮ್ಮಡಿಯ ಬೂಟು. ಅದಕ್ಕೂ ಹಿಡಿತಕ್ಕೂ ಸಂಬಂಧವಿಲ್ಲ. ಅವಳು ಅದನ್ನೂ ಮುಚ್ಚಿಡುವುದಿಲ್ಲ. "ಅದು ಕ್ಲಬ್ಬಿನಿಂದ ಬಂದದ್ದ, ನನಗ ಸೇರತದ" ಎನ್ನುತ್ತಾಳೆ.

ಎಂಟು ತಿಂಗಳು ಕಲಿತೆ. ಕಲಿತದ್ದು ಸ್ವಲ್ಪ. ಕಂಬವನ್ನು ಒಂದು ಕೈಯಲ್ಲಿ ಎತ್ತರಕ್ಕೂ ಒಂದು ಕೈಯಲ್ಲಿ ಕೆಳಕ್ಕೂ ಹಿಡಿದು ಒಂದು ಸುತ್ತು ಸುತ್ತಿ ಇಳಿಯಬಲ್ಲೆ. ನಾಲ್ಕಡಿ ಏರಿ ತೊಡೆಯಡ್ಡ ಹಾಕಿ ಕುಳಿತು, ಒಂದು ಕೈ ಬಿಡಬಲ್ಲೆ. ಎರಡೂ ಕೈ ಬಿಟ್ಟದ್ದು ಮೂರು ಸಲ. ಕಂಬವನ್ನೇ ತಿರುಗುವಂತೆ ಮಾಡುವ ಏರ್ಪಾಡೊಂದಿದೆ. ಅದನ್ನು ಒಮ್ಮೆ ಪ್ರಯತ್ನಿಸಿ, ತಲೆಸುತ್ತು ಬಂದು, ಸಂಜೆಯ ತನಕ ಮಜ್ಜಿಗೆ ಕುಡಿದು ಮಲಗಿದೆ. ಒಳತೊಡೆಯಲ್ಲಿ, ಪಾದದ ಮೇಲೆ ನೀಲಿ ಕಲೆಗಳು. ಕಂಬ ಕೊಟ್ಟ ಮುತ್ತು ಎನ್ನುತ್ತಾರಂತೆ ಅದಕ್ಕೆ. ಯೋಗಾನರಸಿಂಹಸ್ವಾಮಿ ದೇವಸ್ಥಾನದ ಸರತಿ ಸಾಲಿನಲ್ಲಿ ಪರಿಚಯದವರೊಬ್ಬರು ನನ್ನ ಕಾಲು ನೋಡಿ ಏನಾಯಿತೆಂದು ಕೇಳಿದರು. ಬಚ್ಚಲಲ್ಲಿ ಜಾರಿದೆ ಎಂದೆ. ಅವರು ಜಾರದ ಚಾಪೆ ಎಲ್ಲಿ ಸಿಗುತ್ತದೆಂದು ವಿವರವಾಗಿ ಹೇಳಿದರು. ಹುಡುಗಿಗೆ ಸುಳ್ಳಿನ ವಿಷಯದಲ್ಲಿ ನನ್ನ ಮೇಲಿದ್ದ ದೂರು ಅಂದು ಇನ್ನೊಂದಾಯಿತು.

ಇಷ್ಟು ಮಾಡಿದ ಮೇಲೆ ಎರಡು ಕಂಬಗಳೂ ಒಂದಲ್ಲವೆಂದು ನನ್ನ ಮೈಗೇ ತಿಳಿಯಿತು. ಮರದ ಕಂಬ ದಪ್ಪ, ಅದನ್ನು ಅಪ್ಪಬೇಕು. ಅಪ್ಪಿದವನು ಹೊರಳಬೇಕು, ಹೊರಳಿದವನು ಮತ್ತೆ ಅಪ್ಪಬೇಕು. ಎಣ್ಣೆ ಇರುವುದರಿಂದ ಚರ್ಮ ಕಿತ್ತುಬರುವುದಿಲ್ಲ, ಆದರೆ ಒಂದೆಡೆ ನಿಲ್ಲಲೂ ಬಿಡುವುದಿಲ್ಲ. ಹಾಗಾಗಿ ಅಲ್ಲಿ ವೇಗವೇ ಸೊಗಸು. ಉಕ್ಕಿನದು ಸಣ್ಣ, ಅದು ಮೊಣಕಾಲ ಸಂದಿಯಲ್ಲಿ, ಮೊಣಕೈ ಮಡಿಕೆಯಲ್ಲಿ ಸೇರಿಕೊಳ್ಳುತ್ತದೆ. ಅದಕ್ಕೆ ಎಣ್ಣೆ ಹಚ್ಚಿದರೆ ಮುಗಿಯಿತು. ಬೆವರಿದರೂ ಜಾರುತ್ತದೆ, ಪುಡಿ ಹಚ್ಚಿಕೊಂಡು ಒಣಗಿದ ಕೈಯಲ್ಲಿ ಹಿಡಿಯಬೇಕು. ಅಲ್ಲಿ ತೂಗುವುದು, ತಡೆಯುವುದು, ನಿಧಾನವಾಗಿ ಬಿಡುವುದು ಸೊಗಸು. ಒಂದು ಕುಸ್ತಿಯಿಂದ ಬಂದದ್ದು, ಇನ್ನೊಂದು ಕುಣಿತದಿಂದ ಬಂದದ್ದು ಎಂಬುದನ್ನು ಪುಸ್ತಕ ನೋಡದೆಯೂ ಹೇಳಬಹುದಿತ್ತು.

ಈಗ ಮಲ್ಲಕಂಬದ ಪ್ರದರ್ಶನಗಳ ಬಗ್ಗೆ ನನ್ನ ದೂರು. ನಾನು ವೇದಿಕೆಗಳ ಮೇಲೆ ನೋಡಿದವುಗಳಲ್ಲಿ ಹೆಚ್ಚಿನವು ಹತ್ತು ಹನ್ನೆರಡು ಹುಡುಗರನ್ನು ಒಂದೇ ಕಂಬಕ್ಕೆ ಗೊಂಚಲು ಕಟ್ಟಿ, ತುದಿಯವನ ಕೈಗೆ ಬಾವುಟವನ್ನೋ ದೀಪವನ್ನೋ ಕೊಡುವ ಪಿರಮಿಡ್ಡುಗಳು. ಧ್ವನಿವರ್ಧಕದಲ್ಲಿ ಒಬ್ಬರು "ನೋಡಿ, ನೋಡಿ, ನಮ್ಮ ಪ್ರಾಚೀನ ಕಲೆ" ಎಂದು ಕಿರುಚುತ್ತಿರುತ್ತಾರೆ. ಒಬ್ಬನೇ ಹುಡುಗ, ಒಂದೇ ಕಂಬ, ಜಿಗಿತದಿಂದ ಇಳಿಯುವ ತನಕದ ಒಂದೂವರೆ ನಿಮಿಷ, ಸುಯಿದೋರಾದಲ್ಲಿ ಭುಜ ಸಂದಿಯಿಂದ ಹೊರಬರುವಾಗಿನ ಆ ಕ್ಷಣ, ಅದನ್ನು ನೋಡಲು ನಮಗೆ ವ್ಯವಧಾನವಿಲ್ಲ. ಪ್ರಾಚೀನವೆಂದು ಕೂಗಿದ ಮೇಲೆ ನೋಡುವ ಅಗತ್ಯವೇ ಬೀಳುವುದಿಲ್ಲವೇನೋ.

ಪೋಲ್ ಡಾನ್ಸಿನವರೂ ಸಾಚಾಗಳಲ್ಲ. ಹುಡುಗಿ ತೋರಿಸಿದ ವಿಡಿಯೋಗಳಲ್ಲಿ ಮುಕ್ಕಾಲು ಪಾಲು ಒಂದೇ ಬಗೆಯ ಅಳುಬುರುಕ ಇಂಗ್ಲಿಷ್ ಹಾಡಿಗೆ. ಕಾಲನ್ನು ಅಗಲಿಸಿ ಚಿತ್ರಕ್ಕೆ ನಿಲ್ಲುವುದು, ಮತ್ತೆ ಇನ್ನೊಂದು ಚಿತ್ರಕ್ಕೆ ನಿಲ್ಲುವುದು. ನಡುವಣ ದಾರಿ ಮಾತ್ರ ಅಸಡ್ಡೆ. ನೃತ್ಯವೆಂದು ಕರೆದುಕೊಂಡ ಮೇಲೆ ದಾರಿಯೇ ಮುಖ್ಯವಲ್ಲವೇ? ಇದನ್ನು ಹೇಳಿದಾಗ ಹುಡುಗಿ ಒಪ್ಪಿದಳು. ಮರುದಿನ ಹಾಡಿಲ್ಲದೆ, ಎರಡೇ ಪಟ್ಟುಗಳನ್ನು ಹಿಡಿದು, ಒಂದರಿಂದ ಇನ್ನೊಂದಕ್ಕೆ ಹೋಗುವುದನ್ನೇ ಒಂದು ಗಂಟೆ ಮಾಡಿದಳು. ಗೋಡೆಗೊರಗಿ ಕುಳಿತು ನೋಡಿದೆ. ಮೊಣಕಾಲು ಬಿಡುವುದಕ್ಕೆ ಮುಂಚೆ ಅವಳ ಪಾದದ ಬೆರಳುಗಳು ಬಿಗಿಯುವುದು, ಉಸಿರು ನಿಲ್ಲುವುದು, ಆಮೇಲೆ ಇಡೀ ಮೈ ಹಗ್ಗ ಬಿಚ್ಚಿದಂತೆ ಕೆಳಗಿಳಿಯುವುದು. ನಾನು ಹೊಸ್ತಿಲ ಹೊರಗೆ ಚರಿಗೆ ಹಿಡಿದು ನೋಡುತ್ತಿದ್ದದ್ದೂ ಇಂಥದನ್ನೇ. ವಂಶಾವಳಿ ಬೇರೆಯಾದರೂ ನೋಡುವ ಸುಖ ಬೇರೆಯಲ್ಲ.

ಕಳೆದ ದಸರೆಗೆ ಅಣ್ಣ ಬಂದ. ಅವನು ಬರುವುದಕ್ಕೆ ಮುಂಚೆ ನಾನೇ ಫೋನು ಮಾಡಿ, "ಅಣ್ಣಾ, ನಾ ಹೇಳಿದ್ದು ಖರೆ ಅಲ್ಲ. ಅದು ಮಲ್ಲಕಂಬ ಅಲ್ಲ. ನೀ ಸಿನಿಮಾದಾಗ ನೋಡಿದ್ದ ಅದು" ಎಂದು ಹೇಳಿದ್ದೆ. ಅವನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಬರುವುದಿಲ್ಲವೆಂದೇ ಅಂದುಕೊಂಡಿದ್ದೆವು. ಬಂದ. ಎರಡು ದಿನ ಮಹಡಿಯ ಮಾತೆತ್ತಲಿಲ್ಲ. ವಿಜಯದಶಮಿಯ ಬೆಳಿಗ್ಗೆ ಅರಮನೆಯಲ್ಲಿ ನಡೆಯುವ ಜಟ್ಟಿ ಕಾಳಗದ ಸುದ್ದಿಯನ್ನು ಟೀವಿಯಲ್ಲಿ ನೋಡಿ, ಕಾಫಿ ಕುಡಿದು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಒಬ್ಬನೇ ಮೆಟ್ಟಿಲು ಹತ್ತಿದ. ನಾನು ಹಿಂದೆ ಹೋದೆ. ಹುಡುಗಿ ಸ್ನಾನಕ್ಕೆ ಹೋಗಿದ್ದಳು.

ಕಂಬದ ಸುತ್ತ ಒಂದು ಸುತ್ತು ಬಂದ. ಬೆರಳಿನಿಂದ ಮುಟ್ಟಿ, ಬೆರಳನ್ನು ಮೂಸಿ ನೋಡಿದ. "ಎಣ್ಣಿ ಹಚ್ಚೂದಿಲ್ಲೇನು?" ಎಂದ.

"ಇಲ್ಲ. ಹಚ್ಚಿದ್ರ ಜಾರತದ."

"ಮತ್ತ ತೊಡಿ ಸುಲಿದು ಹೋಗೂದಿಲ್ಲ?"

"ಹೋಗತದ."

ಎರಡೂ ಕೈಯಿಂದ ಹಿಡಿದು ಜೋರಾಗಿ ಅಲುಗಿಸಿದ. ಮೇಲೆ ತಾರಸಿಗೆ ಒತ್ತಿಕೊಂಡ ಬಿಲ್ಲೆಯ ಕಡೆ ಕತ್ತೆತ್ತಿ ನೋಡಿ, ಮತ್ತೊಮ್ಮೆ ಅಲುಗಿಸಿದ. "ಮ್ಯಾಲೆ ಸ್ವಲ್ಪ ಸಡ್ಲ ಅದ. ಪಾನಾ ಅದ ಏನು ಮನ್ಯಾಗ?" ಎಂದ. ಪಾನಾ ತಂದು ಕೊಟ್ಟೆ. ಬುಡದ ಹತ್ತಿರ ಕಷ್ಟಪಟ್ಟು ಕುಕ್ಕುರುಗಾಲಲ್ಲಿ ಕುಳಿತು, ಕಾಲು ಗಂಟೆ ಬಿಗಿ ಮಾಡಿ, ಮತ್ತೆ ಅಲುಗಿಸಿ ನೋಡಿ ಕೆಳಗಿಳಿದ. ಮಗಳಿಗೆ ಏನೂ ಹೇಳಲಿಲ್ಲ.

ಅಂದು ಸಂಜೆ ಅವಳು ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಾಗ ಅಣ್ಣ ಕೆಳಗೆ ಪೇಪರು ಓದುತ್ತ ಕುಳಿತಿದ್ದ. ಮೇಲೆ ದಡ್ಡೆಂದು ಕಾಲು ನೆಲಕ್ಕೆ ಬಿದ್ದ ಸದ್ದಾದಾಗಲೆಲ್ಲ ಪೇಪರು ಇಳಿಸಿ, ತಾರಸಿಯ ಕಡೆ ನೋಡಿ, ಮತ್ತೆ ಎರಡನೆಯ ಸದ್ದು ಬರುವ ತನಕ ಓದುತ್ತಿರಲಿಲ್ಲ.